ಕೇಳಿ, ಹೇಳುತ್ತೇವೆ: ಹಾಡಿಯ ಮನೆ, ಊರಿನ ನೆಲ

ಮೂಲನಿವಾಸಿಗಳ ದೃಷ್ಟಿ ಕಟ್ಟಡಕ್ಕೂ ನಗರ ಯೋಜನೆಗೂ ಬರಬೇಕು ಎಂಬ ಮಾತು ಈಗ ಎಲ್ಲ ಕಡೆ ಕೇಳುತ್ತಿದೆ. ಬಂದರೆ ನಕ್ಷೆಯಲ್ಲಿ ಏನು ಬದಲಾಗುತ್ತದೆ, ಬಜೆಟ್ಟಿನಲ್ಲಿ ಏನು ಸೇರುತ್ತದೆ ಎಂದು ಕೇಳಿ ಬಂದ ಪತ್ರಗಳಲ್ಲಿ ಏಳನ್ನು ಈ ಸಲ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಜೇನುಕುರುಬರ ಹಾಡಿಗೊಂದು (ಕಾಡಂಚಿನ ಅವರ ಕೇರಿಗೆ) ಸಮುದಾಯ ಭವನ ವಿನ್ಯಾಸ ಮಾಡಲು ಕಾಲೇಜಿನಲ್ಲಿ ಹೇಳಿದ್ದರು. ಗುಡಿಸಲಿನ ಆಕಾರದ ಚಾವಣಿ ಹಾಕಿ ಗೋಡೆಗೆ ವರ್ಲಿ ಚಿತ್ರ ಬರೆದಿದ್ದೆ. ಜ್ಯೂರಿಯಲ್ಲಿ ‘ಇದು ಬರೀ ಅಲಂಕಾರ’ ಎಂದುಬಿಟ್ಟರು. ಎಲ್ಲಿ ಎಡವಿದೆ?
— ವಾಸ್ತುಶಿಲ್ಪ ವಿದ್ಯಾರ್ಥಿನಿ, ಮೈಸೂರು

ಉತ್ತರ: ವರ್ಲಿ ಚಿತ್ರ ಮಹಾರಾಷ್ಟ್ರದ ಠಾಣೆ, ಪಾಲ್ಘರ್ ಕಡೆಯ ಆದಿವಾಸಿಗಳದು. ಹೆಗ್ಗಡದೇವನಕೋಟೆಯ ಜೇನುಕುರುಬರಿಗೆ ಅದು ನಿಮಗೆಷ್ಟು ಹೊರಗಿನದೋ ಅಷ್ಟೇ ಹೊರಗಿನದು. ಅದು ಸಣ್ಣ ತಪ್ಪು. ದೊಡ್ಡದನ್ನು ನೀವೇ ಹುಡುಕಬಹುದು. ನಕ್ಷೆಯಿಂದ ಚಿತ್ರವನ್ನೂ ಚಾವಣಿಯ ಆಕಾರವನ್ನೂ ಅಳಿಸಿ ನೋಡಿ. ಉಳಿದದ್ದು ಯಾವ ಊರಿಗಾದರೂ ಹೊಂದುವ ಕಲ್ಯಾಣ ಮಂಟಪವೇ ಆಗಿದ್ದರೆ, ಹಾಡಿಯ ಜನರಿಂದ ನೀವು ಏನನ್ನೂ ಕಲಿತಿಲ್ಲ ಎಂದರ್ಥ.

ನ್ಯೂಜಿಲೆಂಡಿನ ಒಂದು ಉದಾಹರಣೆ ನೋಡಿ. 2005ರಲ್ಲಿ ಅಲ್ಲಿನ ಸರ್ಕಾರ ನಗರ ವಿನ್ಯಾಸದ ಒಡಂಬಡಿಕೆಯೊಂದನ್ನು ಹೊರತಂದಿತು. ಅದರಲ್ಲಿ ತಮ್ಮ ಮಾತಿಗೆ ಜಾಗವಿಲ್ಲ ಎಂದು ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ವಿನ್ಯಾಸಕಾರರು ಸೇರಿ ತಮ್ಮದೇ ಸೂತ್ರಗಳನ್ನು ರೂಪಿಸಿದರು. ಅವಕ್ಕೆ ‘ತೆ ಅರಂಗ’ ಎಂದು ಹೆಸರು. ಆಕ್ಲೆಂಡ್ ನಗರಸಭೆ ಈಗ ಅವನ್ನು ಬಳಸುತ್ತದೆ. ಸೂತ್ರಗಳು ಏಳು. ಮೊದಲನೆಯದು ‘ಮನ’, ಅಂದರೆ ಆ ನೆಲದ ಕುಲದ ಅಧಿಕಾರ ಮತ್ತು ಗೌರವ. ಉಳಿದವು ಸ್ಥಳನಾಮ, ನಿಸರ್ಗ, ನೆಲಜಲದ ಜೀವಂತಿಕೆ, ಕಲೆ, ಗುರುತಿನ ಬೆಟ್ಟ–ಹೊಳೆಗಳು, ಮತ್ತು ‘ಅಹಿ ಕಾ’, ಎಂದರೆ ಆ ಜನ ಅಲ್ಲೇ ಬದುಕಿ ಒಲೆಯ ಬೆಂಕಿ ಆರದಂತೆ ಕಾಯುವುದು. ನೀವು ಮಾಡಿದ್ದು ಏಳರಲ್ಲಿ ಒಂದನ್ನು, ಕಲೆಯನ್ನು. ಅದನ್ನೂ ಬೇರೆಯವರ ಮನೆಯಿಂದ ತಂದಿರಿ.

ನಿಮ್ಮ ಭವನಕ್ಕೆ ‘ಮನ’ ಎಂದರೆ ಏನು? 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ಓದಿ. ಸಮುದಾಯ ಭವನವೂ ಸೇರಿ 13 ಬಗೆಯ ಸೌಕರ್ಯಗಳಿಗೆ ಅರಣ್ಯ ಭೂಮಿ ಬಳಸಬಹುದು. ಷರತ್ತುಗಳು ಇಷ್ಟು: ಪ್ರತಿಯೊಂದಕ್ಕೂ 1 ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕೇ ಬೇಕು. ಇಲ್ಲಿ ಗ್ರಾಮಸಭೆ ಎಂದರೆ ಪಂಚಾಯತಿ ಕಚೇರಿಯ ಸಭೆಯಲ್ಲ, ಹಾಡಿಯದೇ ಸಭೆ. ಅರ್ಧದಷ್ಟು ಸದಸ್ಯರು ಹಾಜರಿರಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಹಾಗಾಗಿ ನಿಮ್ಮ ಮೊದಲ ಹಾಳೆಯ ಮೇಲೆ ಇರಬೇಕಾದದ್ದು ಚಾವಣಿಯಲ್ಲ. ಯಾವ ಮರ ಉಳಿಯುತ್ತದೆ, ಯಾವ ದಾರಿ ತುಳಿಯಬಾರದು, ಜಾಗ ಯಾರು ತೋರಿಸಿದರು ಎಂಬುದು.

ಪ್ರಶ್ನೆ: ನಮ್ಮ ವ್ಯಾಪ್ತಿಯ ಹಾಡಿಗೆ ಜನಮನ್ ಯೋಜನೆಯ ಮನೆಗಳು ಮಂಜೂರಾಗಿವೆ. ಹಿಂದಿನ ಯೋಜನೆಯ ಆರ್‌ಸಿಸಿ ಮನೆಗಳಲ್ಲಿ ಸೌದೆ ತುಂಬಿಟ್ಟು ಜನ ಪಕ್ಕದ ಗುಡಿಸಲಲ್ಲೇ ಮಲಗುತ್ತಾರೆ. ಈ ಸಲವಾದರೂ ಸರಿಯಾಗಿ ಕಟ್ಟುವುದು ಹೇಗೆ?
— ಗ್ರಾಮ ಪಂಚಾಯತಿ ಸದಸ್ಯರು, ಹೆಗ್ಗಡದೇವನಕೋಟೆ ತಾಲ್ಲೂಕು

ಉತ್ತರ: ‘ಅವರಿಗೆ ಒಳ್ಳೆಯ ಮನೆಯಲ್ಲಿ ಇರೋಕೆ ಗೊತ್ತಿಲ್ಲ’ ಎಂದು ಷರಾ ಬರೆಯದೆ ಪತ್ರ ಬರೆದಿದ್ದೀರಿ. ಅರ್ಧ ಕೆಲಸ ಆದಂತೆ.

ಮೊದಲು ಹಣದ ಲೆಕ್ಕ. ಜನಮನ್ ಎಂದರೆ ಅತಿ ದುರ್ಬಲ ಆದಿವಾಸಿ ಸಮುದಾಯಗಳಿಗಾಗಿ ಇರುವ ಕೇಂದ್ರದ ಯೋಜನೆ. ಅದರಲ್ಲಿ ಮನೆಗೆ 2 ಲಕ್ಷ ರೂಪಾಯಿ, ಶೌಚಾಲಯಕ್ಕೆ 12,000, ಉದ್ಯೋಗ ಖಾತರಿಯ ಕೂಲಿ ಸುಮಾರು 27,000, ಒಟ್ಟು 2.39 ಲಕ್ಷ. ಇದು ಗ್ರಾಮೀಣ ಆವಾಸ್ ಯೋಜನೆಯ ಅಚ್ಚಿನಲ್ಲೇ ನಡೆಯುತ್ತದೆ. ಅಲ್ಲಿ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ. ಆ ಮಾರ್ಗಸೂಚಿಯಲ್ಲಿ ನಿಮಗೆ ಬೇಕಾದ ಎರಡು ಮಾತಿವೆ. ಮನೆಯನ್ನು ಫಲಾನುಭವಿಯೇ ಕಟ್ಟಿಸಬೇಕು, ಗುತ್ತಿಗೆದಾರನನ್ನು ತರುವಂತಿಲ್ಲ. ಪಕ್ಕಾ ಮನೆ ಎಂದರೆ ಆರ್‌ಸಿಸಿ ಎಂದಲ್ಲ, ಸಾಮಾನ್ಯ ಸವಕಳಿ ತಡೆದು 30 ವರ್ಷ ನಿಲ್ಲುವ ಮನೆ. ಹುಲ್ಲಿನ ಮಾಡು ಈ ಪರೀಕ್ಷೆಯಲ್ಲಿ ಬೀಳುತ್ತದೆ; ಮಣ್ಣಿನ ಇಟ್ಟಿಗೆ, ಹಂಚಿನ ಮಾಡು ಗೆಲ್ಲುತ್ತವೆ. ಎಂಜಿನಿಯರ್ ‘ಆಗಲ್ಲ’ ಎಂದರೆ ಯಾವ ನಿಯಮದ ಪ್ರಕಾರ ಎಂದು ಬರವಣಿಗೆಯಲ್ಲಿ ಕೇಳಿ.

ಸಭೆ ಯಾವಾಗ ಕರೆಯುತ್ತೀರಿ ಎಂಬುದೂ ಮುಖ್ಯ. ಕೊಡಗಿನ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಾಡಿಯ ಅರ್ಧ ಜನ ತೋಟದ ಲೈನುಮನೆಯಲ್ಲಿರುತ್ತಾರೆ. ಜೇನಿನ ಕಾಲದಲ್ಲಿ ಗಂಡಸರು ಸಿಗುವುದಿಲ್ಲ. ಆಗ ಕರೆದ ಸಭೆಗೆ ಸಹಿ ಸಿಗುತ್ತದೆ, ಒಪ್ಪಿಗೆ ಸಿಗುವುದಿಲ್ಲ. ಹಾಡಿ ತುಂಬಿರುವಾಗ ಮೂರು ಸಲ ಕೂರಿ. ಒಂದು ಸಲ ಹೆಂಗಸರು ಮಾತ್ರ. ಕಾಗದದ ನಕ್ಷೆ ಒಯ್ಯಬೇಡಿ. ಹಗ್ಗ ಮತ್ತು ಸುಣ್ಣದ ಪುಡಿ ಒಯ್ದು ಮನೆಯನ್ನು ನೆಲದ ಮೇಲೆ ಪೂರ್ತಿ ಅಳತೆಯಲ್ಲೇ ಬರೆಯಿರಿ. ಒಲೆ ಎಲ್ಲಿ, ಮುದುಕರು ಎಲ್ಲಿ ಮಲಗುತ್ತಾರೆ, ಬಾಗಿಲಲ್ಲಿ ನಿಂತರೆ ಅಣ್ಣನ ಮನೆ ಕಾಣಬೇಕೇ ಬೇಡವೇ, ಮನೆಯಲ್ಲಿ ಸಾವಾದರೆ ಏನು ಮಾಡುತ್ತಾರೆ, ಆನೆ ಯಾವ ಕಡೆಯಿಂದ ಬರುತ್ತದೆ ಎಂದು ಕೇಳುತ್ತ ಹೋಗಿ. ಗೆರೆಯನ್ನು ಅವರೇ ಕಾಲಲ್ಲಿ ಅಳಿಸಿ ಹೊಸದು ಎಳೆಯಲು ಶುರುಮಾಡಿದರೆ ಸಭೆ ಗೆದ್ದಿದೆ. ರಸ್ತೆ ಪಕ್ಕ ಸಾಲಾಗಿ ಮನೆ ಕೂರಿಸುವುದು ಬಿಲ್ ಬರೆಯುವವರಿಗೆ ಸುಲಭ. ನೆಂಟರ ಮನೆಗಳು ಒಂದು ಅಂಗಳಕ್ಕೆ ಮುಖಮಾಡಿ ಗುಂಪಾಗಿ ಇರಬೇಕೆಂದು ಅವರು ಹೇಳಿದರೆ, ಮಂಜೂರಾತಿ ಪಟ್ಟಿಯ ಕ್ರಮ ಹಿಡಿದು ಸೈಟು ಹಂಚಬೇಡಿ.

ಆರ್‌ಸಿಸಿ ಮನೆ ಸೌದೆ ಕೊಟ್ಟಿಗೆ ಆಗಲು ಸಾಮಾನ್ಯ ಕಾರಣ ಹೊಗೆ ಮತ್ತು ಸೆಕೆ. ಬೆಳಿಗ್ಗೆ ಸಂಜೆ ಸೌದೆ ಉರಿಯುವ ಮನೆಗೆ ಹೊಗೆ ಹೋಗಲು ದಾರಿಯಿಲ್ಲದ ಸ್ಲ್ಯಾಬ್ ಹಾಕಿದರೆ ಒಳಗೆ ಕೂರಲಾಗದು. ಹಳೆ ಗುಡಿಸಲಲ್ಲಿ ಹೊಗೆ ಹುಲ್ಲಿನ ಸಂದಿಯಿಂದ ಹೊರಹೋಗುತ್ತಿತ್ತು. ಹೋಗುವಾಗ ಹುಲ್ಲು, ಬಿದಿರಿಗೆ ಹುಳು ಹಿಡಿಯದಂತೆ ಕಾಯುತ್ತಿತ್ತು. ಅದಕ್ಕೆ ಒಲೆಯನ್ನು ಮನೆಯ ಹಿಂದೆ ಅಥವಾ ಬದಿಗೆ 6 ಅಡಿಯ ಇಳಿಮಾಡಿನ ಕೆಳಗೆ ಇಡಿ. ಮೂರು ಕಡೆ ಸೊಂಟದೆತ್ತರದ ಗೋಡೆ, ಮೇಲೆ ಬಿದಿರಿನ ತಟ್ಟಿ. ಚಳಿಗಾಲಕ್ಕೆ ಒಳಗೂ ಬೆಂಕಿ ಬೇಕು ಎಂದರೆ ನೆತ್ತಿಯ ಹಂಚಿನ ಸಾಲಿನಲ್ಲಿ ಗಾಳಿಗಂಡಿ ಬಿಡಿ. ಮುಂದೆ 5 ಅಡಿ ಅಗಲದ ಜಗಲಿ ಇರಲಿ. ಅದನ್ನು 25 ಚದರ ಮೀಟರಿನೊಳಗೆ ಲೆಕ್ಕ ಹಾಕಿ ಕೋಣೆ ಕಿರಿದು ಮಾಡಬೇಡಿ.

ಗೋಡೆಗೆ ಒತ್ತು ಮಣ್ಣಿನ ಇಟ್ಟಿಗೆ ನಮ್ಮ ಆಯ್ಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರ ದಶಕಗಳ ಕಾಲ ಪಳಗಿಸಿದ ವಿಧಾನ ಇದು. ಇಟ್ಟಿಗೆಯ ಅಳತೆ 230×190×100 ಮಿ.ಮೀ. 5 ಮೀಟರ್ ಚೌಕದ ಮನೆ, ನಡುವೆ ಒಂದು ಅಡ್ಡಗೋಡೆ, 2.7 ಮೀಟರ್ ಎತ್ತರ, ಗೋಡೆ ದಪ್ಪ 190 ಮಿ.ಮೀ. ಎಂದಿಟ್ಟುಕೊಂಡರೆ ಬಾಗಿಲು ಕಿಟಕಿ ಕಳೆದು ಸುಮಾರು 2,250 ಇಟ್ಟಿಗೆ; ಒಡೆತಕ್ಕೆ ಸೇರಿಸಿ 2,400 ಒತ್ತಿ. ಒಂದು ಇಟ್ಟಿಗೆ 8 ಕೆ.ಜಿ. ತೂಗುತ್ತದೆ. 6% ಸಿಮೆಂಟ್ ಲೆಕ್ಕದಲ್ಲಿ ಅಷ್ಟೂ ಇಟ್ಟಿಗೆಗೆ ಸೇರಿ 23–24 ಮೂಟೆ ಸಿಮೆಂಟ್, ಸಡಿಲ ಮಣ್ಣು 15 ಘನ ಮೀಟರ್. ಕೈಯಂತ್ರವೊಂದರಲ್ಲಿ ಆರೇಳು ಜನ ಪಳಗಿದರೆ ದಿನಕ್ಕೆ 500ರ ಆಸುಪಾಸು ಒತ್ತುತ್ತಾರೆ. ಈ ಕೂಲಿ ಹಾಡಿಯೊಳಗೇ ಉಳಿಯುತ್ತದೆ.

ಕೆಡುವುದು ಎಲ್ಲಿ? ಮೇಲ್ಪದರದ ಗೊಬ್ಬರ ಮಣ್ಣು ಬಳಸಿದರೆ ಇಟ್ಟಿಗೆ ಪುಡಿಯಾಗುತ್ತದೆ. ಒಂದಡಿ ತೆಗೆದು ಕೆಳಗಿನದನ್ನೇ ಬಳಸಿ. ಜೇಡಿ ಹೆಚ್ಚಿದ್ದರೆ ಬಿರುಕು. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಬಿಡಿ. ತಳದ ಮರಳಿನ ಪದರ ಅರ್ಧಕ್ಕಿಂತ ಚೆನ್ನಾಗಿ ಮೇಲಿರಬೇಕು. ಇಲ್ಲದಿದ್ದರೆ ಮರಳು ಬೆರೆಸಿ. ಕಪ್ಪು ಮಣ್ಣು ಬೇಡವೇ ಬೇಡ. ಒತ್ತಿದ ಇಟ್ಟಿಗೆ ಬಿಸಿಲಿಗಿಟ್ಟು ‘ಒಣಗಿತು’ ಎಂದು ಕಟ್ಟುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಹುಲ್ಲು ಅಥವಾ ಗೋಣಿ ಮುಚ್ಚಿ 21 ದಿನ ನೀರುಣಿಸಬೇಕು. ಅಡಿಪಾಯದ ಕಟ್ಟೆ ನೆಲದಿಂದ ಒಂದೂವರೆ ಅಡಿ ಎತ್ತರ, ಸೂರು ಗೋಡೆಯಾಚೆ 3 ಅಡಿ. ಸೂರಿನ ಉದ್ದ ಕಡಿತ ಮಾಡಿ ಉಳಿಸಿದ ದುಡ್ಡು ಎರಡನೇ ಮಳೆಗಾಲದಲ್ಲಿ ಗೋಡೆಯ ಬುಡದೊಂದಿಗೆ ಕೊಚ್ಚಿಹೋಗುತ್ತದೆ. ಹೀಗೆ ಸೂರು ಬಿಟ್ಟ ಮಾಡಿಗೆ ಸುಮಾರು 800 ಮಂಗಳೂರು ಹಂಚು ಬೇಕು. ಮಂಗಗಳು ಹಂಚನ್ನು ಕದಲಿಸುವ ಕಡೆ ಕೆಳಗಿನ ಎರಡು ಸಾಲನ್ನು ತಂತಿಯಿಂದ ಕಟ್ಟಿ, 50 ಹಂಚು ಹೆಚ್ಚಿಗೆ ಇಟ್ಟುಕೊಳ್ಳಿ.

ತಟ್ಟಿಗೆ, ಒಳಮಾಡಿಗೆ ಬಿದಿರು ಬಳಸುವುದಾದರೆ ಮೂರು ವರ್ಷ ದಾಟಿದ ಗಳು, ಮಳೆಗಾಲ ಮುಗಿದ ಮೇಲೆ ಕಡಿದದ್ದು ಇರಲಿ. ಎಳೆಯ ಬಿದಿರಿನಲ್ಲಿ ಪಿಷ್ಟ ಹೆಚ್ಚು, ಕುಟ್ಟೆ ಹುಳುವಿಗೆ ಅದೇ ಊಟ. 95 ಲೀಟರ್ ನೀರಿಗೆ 3 ಕೆ.ಜಿ. ಬೋರಾಕ್ಸ್, 2 ಕೆ.ಜಿ. ಬೋರಿಕ್ ಆಮ್ಲ ಕರಗಿಸಿ, ಗಿಣ್ಣುಗಳಿಗೆ ಒಳಗೆ ತೂತು ಹೊಡೆದು ಒಂದು ವಾರ ಮುಳುಗಿಸಿಡಿ. ಈ ಔಷಧಿ ಮಳೆಯಲ್ಲಿ ತೊಳೆದುಹೋಗುತ್ತದೆ, ಹಾಗಾಗಿ ನೆನೆಯುವ ಜಾಗಕ್ಕೆ ಆ ಬಿದಿರು ಬೇಡ. ಉಳಿದ ದ್ರಾವಣವನ್ನು ತೊರೆಗೆ ಚೆಲ್ಲಬೇಡಿ. ಬಿದಿರಿನ ವಯಸ್ಸು ಗುರುತಿಸಲು ಹೊರಗಿನಿಂದ ತಜ್ಞರು ಬೇಕಿಲ್ಲ. ಹಾಡಿಯ ಯಾವ ಹಿರಿಯರನ್ನು ಕೇಳಿದರೂ ಮೆಳೆಯೊಳಗೆ ಕೈಯಿಟ್ಟು ತೋರಿಸುತ್ತಾರೆ.

ಪ್ರಶ್ನೆ: ವಾಸ್ತು ಪ್ರಕಾರ ಕಟ್ಟುವುದೇ ನಮ್ಮ ದೇಸಿ ದೃಷ್ಟಿಯಲ್ಲವೇ? ಬೇರೆ ಏನು ಬೇಕು?
— ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಅಲ್ಲ. ವಾಸ್ತು ಗ್ರಂಥದಲ್ಲಿರುವ, ದೇಶದ ಎಲ್ಲ ಕಡೆಗೂ ಒಂದೇ ದಿಕ್ಕು ಹೇಳುವ ಶಾಸ್ತ್ರ. ಮೂಲನಿವಾಸಿಗಳ ತಿಳಿವಳಿಕೆ ಇದೇ ಹಳ್ಳ, ಇದೇ ಗುಡ್ಡಕ್ಕೆ ಅಂಟಿದ್ದು. ಪಕ್ಕದ ಕಣಿವೆಗೆ ಹೋದರೆ ಬದಲಾಗುತ್ತದೆ. ಸೋಲಿಗರ ಪೋಡಿಗೆ (ಅವರ ಹಾಡಿಗೆ) ಹೋಗಿ ಈಶಾನ್ಯ ಮೂಲೆ ಹುಡುಕುವುದು ಅವರ ಮಾತು ಕೇಳದಿರಲು ಇನ್ನೊಂದು ದಾರಿ, ಅಷ್ಟೇ.

ಪ್ರಶ್ನೆ: ಇಲ್ಲಿ ಒಳಚರಂಡಿ ಮತ್ತು ಮಳೆನೀರು ಯೋಜನೆಯಲ್ಲಿ ಎಂಜಿನಿಯರ್ ಆಗಿದ್ದೇನೆ. ಮಾವೊರಿ ಕುಲಗಳೊಂದಿಗೆ ಮಾತುಕತೆ ನಡೆಸಬೇಕೆಂದು ಹೇಳುತ್ತಾರೆ. ಯಾವ ಹಂತದಲ್ಲಿ? ತಾಂತ್ರಿಕವಾಗಿ ಅದರಿಂದ ಏನು ವ್ಯತ್ಯಾಸ?
— ಕನ್ನಡಿಗ ಓದುಗರು, ಆಕ್ಲೆಂಡ್

ಉತ್ತರ: ನಕ್ಷೆ ಮುಗಿದ ಮೇಲೆ ‘ಅಭಿಪ್ರಾಯ ತಿಳಿಸಿ’ ಎಂದು ಮಿಂಚಂಚೆ ಕಳಿಸುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಜಾಗ ಮತ್ತು ಬಜೆಟ್ ನಿಗದಿಯಾಗುವ ಮುನ್ನ ಹೋಗಿ. ಆಕ್ಲೆಂಡಿನಲ್ಲಿ ನಗರಸಭೆ ಗುರುತಿಸಿದ ಕುಲಸಂಸ್ಥೆಗಳು 19. ನಿಮ್ಮ ಜಾಗದ ಮೇಲೆ ಹಲವು ಕುಲಗಳ ಹಕ್ಕು ಒಂದರ ಮೇಲೊಂದು ಬರಬಹುದು. ಒಬ್ಬರ ಜೊತೆ ಮಾತಾಡಿ ‘ಮಾವೊರಿಯವರು ಒಪ್ಪಿದರು’ ಎಂದು ಬರೆದರೆ ಉಳಿದವರು ಸುಮ್ಮನಿರುವುದಿಲ್ಲ. ಅವರ ಸಮಯಕ್ಕೆ, ಅವರು ಬರೆಯುವ ಸಾಂಸ್ಕೃತಿಕ ಪರಿಣಾಮ ವರದಿಗೆ ಮಣ್ಣು ಪರೀಕ್ಷೆಗೆ ಕೊಡುವಂತೆಯೇ ಶುಲ್ಕ ಕೊಡಬೇಕು. ಅದು ಮೊದಲ ಅಂದಾಜುಪಟ್ಟಿಯಲ್ಲೇ ಇರಲಿ.

ತಾಂತ್ರಿಕ ವ್ಯತ್ಯಾಸ ದೊಡ್ಡದು. ಮಾನವ ತ್ಯಾಜ್ಯದ ನೀರನ್ನು, ಎಷ್ಟೇ ಶುದ್ಧ ಮಾಡಿದ್ದರೂ, ನೇರವಾಗಿ ಹೊಳೆಗೋ ಕಡಲಿಗೋ ಬಿಡುವುದು ಮಾವೊರಿ ನಡಾವಳಿಗೆ ಒಗ್ಗದು. ಅದು ಮೊದಲು ಭೂತಾಯಿ ಪಾಪತೂಆನುಕುವಿನ ಮಡಿಲನ್ನು, ಎಂದರೆ ಮಣ್ಣನ್ನು, ಹಾದು ಬರಬೇಕು. ನಿಮ್ಮ ಪ್ರಯೋಗಾಲಯದ ವರದಿ ಎಷ್ಟೇ ಚೆನ್ನಾಗಿದ್ದರೂ ಈ ಆಕ್ಷೇಪ ಹೋಗುವುದಿಲ್ಲ, ಏಕೆಂದರೆ ಆಕ್ಷೇಪ ಇರುವುದು ನೀರಿನ ದಾರಿಯ ಬಗ್ಗೆ. ಆದ್ದರಿಂದ ಭೂಮಿಗೆ ಹಾಯಿಸುವ ಜಾಗ ಅಥವಾ ಜೌಗುಹಾಸಿಗೆ (ಜೊಂಡು ಬೆಳೆಸಿ ನೀರು ಸೋಸುವ ತಗ್ಗು) ಮೊದಲೇ ನಕ್ಷೆಯಲ್ಲಿ ಕೂರಬೇಕು. ಕೊನೆಗೆ ಸೇರಿಸಲು ಹೋದರೆ ಜಾಗವೇ ಇರುವುದಿಲ್ಲ. ಮಳೆನೀರಿಗೂ ಇದೇ ದಾರಿ: ರಸ್ತೆಯ ನೀರು ಗಿಡ ನೆಟ್ಟ ತಗ್ಗುಗಳಲ್ಲಿ ಸೋಸಿ ಹೋಗಲಿ. ನಿಮ್ಮೂರಿನ ಕ್ವೀನ್ ಸ್ಟ್ರೀಟ್ ಕೆಳಗೆ ಹೊರೊತಿಉ ತೊರೆ ಕೊಳವೆಯೊಳಗೆ ಹರಿಯುತ್ತಿದೆ. ಹೊಸ ನೆಲದಡಿ ರೈಲು ನಿಲ್ದಾಣಕ್ಕೆ ‘ತೆ ವೈಹೊರೊತಿಉ’ ಎಂದು ಹೆಸರಿಟ್ಟಿದ್ದು ಅದರ ನೆನಪಿಗೆ. ನಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಮೇಲೆ ನಿಂತಿದೆ. ಅದಕ್ಕೆ ಇಷ್ಟು ಮರ್ಯಾದೆಯೂ ಸಿಕ್ಕಿಲ್ಲ.

ಪ್ರಶ್ನೆ: ಕೆನಡಾದ ವ್ಯಾಂಕೂವರಿನ ಸೆನಾಕ್ವ್ ಯೋಜನೆಯನ್ನು ಮೂಲನಿವಾಸಿ ನಗರ ವಿನ್ಯಾಸದ ಮಾದರಿ ಎನ್ನುತ್ತಾರೆ. ನೋಡಿದರೆ ಎತ್ತರದ ಟವರುಗಳು. ಇದರಲ್ಲಿ ಮೂಲನಿವಾಸಿತನ ಎಲ್ಲಿದೆ?
— ಸಾಫ್ಟ್‌ವೇರ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ನೆಲದ ಒಡೆತನದಲ್ಲಿ. 1913ರಲ್ಲಿ ಸ್ಕ್ವಾಮಿಶ್ ಜನರನ್ನು ಅಲ್ಲಿಂದ ದೋಣಿಯಲ್ಲಿ ಎಬ್ಬಿಸಿ ಕಳಿಸಿ ಮನೆಗಳನ್ನು ಸುಟ್ಟರು. ಸುಮಾರು 80 ಎಕರೆಯ ಮೀಸಲು ನೆಲದಲ್ಲಿ ನ್ಯಾಯಾಲಯದ ಮೂಲಕ 2003ರಲ್ಲಿ ಮರಳಿ ಸಿಕ್ಕಿದ್ದು ಹತ್ತೂವರೆ ಎಕರೆ. 2019ರಲ್ಲಿ ಕುಲದ ಸದಸ್ಯರು ಮತ ಹಾಕಿ ಯೋಜನೆ ಒಪ್ಪಿದರು: 11 ಟವರು, ಸುಮಾರು 6,000 ಬಾಡಿಗೆ ಮನೆ, ಕಾರು ನಿಲ್ಲಿಸಲು ತೀರ ಕಡಿಮೆ ಜಾಗ. ಅದು ಮೀಸಲು ನೆಲವಾದ್ದರಿಂದ ನಗರದ ವಲಯ ನಿಯಮ ಅಲ್ಲಿ ನಡೆಯುವುದಿಲ್ಲ. ನೀರು, ಚರಂಡಿ, ಅಗ್ನಿಶಾಮಕ ಸೇವೆಗೆ ನಗರದೊಂದಿಗೆ ಬೇರೆ ಒಪ್ಪಂದ ಮಾಡಿಕೊಂಡರು. ಮೂಲನಿವಾಸಿ ಎಂದರೆ ತಗ್ಗು ಮಾಡಿನ ಮರದ ಮನೆಯಲ್ಲೇ ಇರಬೇಕು ಎಂದು ನಿರೀಕ್ಷಿಸುವುದು ನಮ್ಮ ಕಣ್ಣಿನ ದೋಷ. ಟವರುಗಳ ರೂಪ ನಮಗೂ ಅಷ್ಟೇನೂ ಹಿಡಿಸದು. ಆದರೆ ಹಿಡಿಸಬೇಕಾದದ್ದು ನಮಗಲ್ಲವಲ್ಲ.

ಪ್ರಶ್ನೆ: ನಮ್ಮ ಬಡಾವಣೆ ಕೆರೆಯ ಪಕ್ಕ ಇದೆ. ಆದಿವಾಸಿಗಳು ಯಾರೂ ಇಲ್ಲಿಲ್ಲ. ಸ್ಥಳೀಯ ತಿಳಿವಳಿಕೆ ಎಂದರೆ ಯಾರನ್ನು ಕೇಳಬೇಕು?
— ನಿವಾಸಿಗಳ ಸಂಘ, ಬೆಂಗಳೂರು

ಉತ್ತರ: ಆದಿವಾಸಿ ಎಂಬ ಮಾತನ್ನು ಇಲ್ಲಿ ಎಳೆದು ತರಬೇಡಿ, ಅದಕ್ಕೆ ಹಕ್ಕಿನ, ಕಾನೂನಿನ ಅರ್ಥವಿದೆ. ಆದರೆ ನಿಮ್ಮ ಕೆರೆಗೆ ಬಹುಶಃ ಒಬ್ಬ ನೀರಗಂಟಿ ಇದ್ದ. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಎಂದು ತಿಳಿದವನು. ಆ ಮನೆತನ, ದನ ಮೇಯಿಸುವವರು, ಮೀನು ಹಿಡಿಯುವವರು, ಹುಲ್ಲು ಕೊಯ್ಯುವವರನ್ನು ಮೊದಲು ಹುಡುಕಿ. ಕರಗದ ಮೆರವಣಿಗೆ ಹೋಗುವ ದಾರಿಯೂ ಒಂದು ನಕ್ಷೆಯೇ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದರೂ ಅದರ ಒಂದು ತುಂಡು ನೀರು ಉಳಿದದ್ದು ತಿಗಳರ ಕರಗದಿಂದ.

ಕೆರೆ ‘ಅಭಿವೃದ್ಧಿ’ಯಲ್ಲಿ ಪದೇ ಪದೇ ಆಗುವ ತಪ್ಪು ಒಂದು: ಸುತ್ತ ನಡಿಗೆಪಥ ಹಾಕಿ, ಕೆರೆಯನ್ನು ಎಲ್ಲ ಕಡೆ ಒಂದೇ ಆಳಕ್ಕೆ ಬಾಣಲೆಯಂತೆ ತೋಡುವುದು. ಕೆರೆ ಏರಿಯ ಹತ್ತಿರ ಆಳ, ನೀರು ಬರುವ ಕಡೆ ತೆಳು ಇರಬೇಕು. ಆ ತೆಳು ಭಾಗದ ಜೊಂಡು ಕೊಳೆ ಸೋಸುತ್ತದೆ, ಹಕ್ಕಿಗೆ ನೆಲೆ, ದನಕ್ಕೆ ಮೇವು. ಹೂಳು ತೆಗೆಸುವುದಾದರೆ ಏರಿಯ ಕಡೆ ಮಾತ್ರ ತೆಗೆಸಿ, ಏರಿಯ ಬುಡಕ್ಕೆ ತೀರ ಹತ್ತಿರ ಹೋಗದೆ. ಬೇಲಿ ಹಾಕಿದರೆ ದನಕ್ಕೂ ಮೀನುಗಾರರಿಗೂ ಗೇಟು ಬಿಡಿ.

ಮಳೆನೀರು ನೆಲಕ್ಕಿಳಿಸಲು ಇಂಗುಬಾವಿ ಮಾಡಿಸುವುದಾದರೆ ಬಾವಿ ತೋಡುವ ಕಸುಬಿನ ಮಣ್ಣು ವಡ್ಡರನ್ನು ಕರೆಸಿ. ಎಷ್ಟು ಅಡಿಗೆ ಜೇಡಿ ಮುಗಿದು ಗರಸು ಮಣ್ಣು ಸಿಗುತ್ತದೆಂದು ಗುದ್ದಲಿಯ ಸದ್ದಿನಲ್ಲೇ ಹೇಳುವವರಿದ್ದಾರೆ. 3 ಅಡಿ ಅಗಲ, 20 ಅಡಿ ಆಳದ ಬಾವಿಯಲ್ಲಿ ಸುಮಾರು 4,000 ಲೀಟರ್ ಹಿಡಿಸುತ್ತದೆ. 1,000 ಚದರ ಅಡಿ ಚಾವಣಿಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸೋರಿಕೆ ಕಳೆದು 2,000 ಲೀಟರ್ ಬರುತ್ತದೆ. ಸಿಮೆಂಟ್ ರಿಂಗುಗಳ ನಡುವೆ ಗಾರೆ ಹಾಕದೆ ಇಳಿಸಬೇಕು, ತಳ ತೆರೆದಿರಬೇಕು, ಮೇಲೆ ಗಟ್ಟಿ ಮುಚ್ಚಳ ಇರಬೇಕು. ಬಾವಿಗೆ ಮೊದಲು ಹೂಳು ಕೂರುವ ತೊಟ್ಟಿ ಇಲ್ಲದಿದ್ದರೆ ಕೆಲವೇ ಮಳೆಗಾಲದಲ್ಲಿ ತಳ ಕಟ್ಟಿಕೊಳ್ಳುತ್ತದೆ. ಪಾತ್ರೆ ತೊಳೆದ ನೀರು, ರಸ್ತೆಯ ನೀರು ಇದಕ್ಕೆ ಬಿಡಬೇಡಿ. ಇಳಿಯುವವರಿಗೆ ಸೊಂಟದ ಹಗ್ಗ, ಮೇಲೆ ಇಬ್ಬರು ಆಳು ಕಡ್ಡಾಯ. ಹಳೆ ಬಾವಿ ಶುಚಿ ಮಾಡುವಾಗ ಗಾಳಿ ಊದದೆ ಇಳಿಸಲೇಬೇಡಿ.

ಪ್ರಶ್ನೆ: ಪೋಡುಗಳ ಸುತ್ತಲಿನ ದೇವರ ಜಾಗಗಳನ್ನು ಜಿಪಿಎಸ್‌ನಲ್ಲಿ ಗುರುತಿಸಿ ತಾಲ್ಲೂಕು ಯೋಜನೆಯ ನಕ್ಷೆಗೆ ಸೇರಿಸಿದರೆ ರಕ್ಷಣೆ ಸಿಗುತ್ತದಲ್ಲವೇ?
— ಸ್ವಯಂಸೇವಕರು, ಯಳಂದೂರು

ಉತ್ತರ: ಸಿಗಬಹುದು, ಹಾಗೆಯೇ ಮುಂದಿನ ವಾರ ಅಲ್ಲಿ ಜೀಪು ಬರಬಹುದು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆಯೊಡನೆ ಸೇರಿ ತಮ್ಮ ಕುಲಗಳ ಯೆಲ್ಲೆ, ದೇವರು, ಕಲ್ಲುಗುಡಿಗಳ ನಕ್ಷೆ ಮಾಡಿದ್ದಾರೆ. 2011ರಲ್ಲಿ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಹಾಗಾಗಿ ಹೊಸದಾಗಿ ಶುರುಮಾಡುವ ಮೊದಲು ಇರುವುದನ್ನು ನೋಡಿ. ಮಾಡಲೇಬೇಕಾದರೆ ಎರಡು ನಕ್ಷೆ ಮಾಡಿ. ಚುಕ್ಕೆ, ಹೆಸರು, ಕತೆ ಇರುವ ಪೂರ್ಣ ನಕ್ಷೆ ಗ್ರಾಮಸಭೆಯ ಪೆಟ್ಟಿಗೆಯಲ್ಲಿ ಇರಲಿ. ತಾಲ್ಲೂಕಿಗೆ ಕೊಡುವುದರಲ್ಲಿ ಚುಕ್ಕೆ ಬೇಡ, ‘ಇಲ್ಲಿ ರಸ್ತೆ, ಕ್ವಾರಿ, ಕಟ್ಟಡ ಮಾಡುವ ಮುನ್ನ ಗ್ರಾಮಸಭೆಯನ್ನು ಕೇಳಬೇಕು’ ಎಂಬ ಅಗಲವಾದ ವಲಯ ಸಾಕು. ವಲಯದ ನಡುಬಿಂದುವಿನಲ್ಲಿ ದೇವರ ಜಾಗ ಬಾರದಂತೆ ಗೆರೆಯನ್ನು ಬೇಕೆಂದೇ ಓರೆ ಎಳೆಯಿರಿ. ಸುತ್ತು ವೃತ್ತ ಬರೆದರೆ ಮಧ್ಯ ಯಾರಿಗಾದರೂ ಸಿಗುತ್ತದೆ. ಫೋನಿನಲ್ಲಿ ತೆಗೆದ ಫೋಟೊದೊಳಗೂ ಜಾಗದ ಗುರುತು ಅಡಗಿರುತ್ತದೆ, ಹಂಚುವ ಮುನ್ನ ಅಳಿಸಿ. ಯಾವುದಾದರೂ ಕುಲದ ಹಿರಿಯರು ‘ಇದು ಬೇಡ’ ಎಂದರೆ ಆ ಜಾಗ ಎರಡೂ ನಕ್ಷೆಯಲ್ಲಿ ಖಾಲಿ ಇರಲಿ.